ಪವಡಿಸಿದಮ್ಮನ ಗುಡಿಗೆ ಗಂಟೆಯಿಲ್ಲದ ವೃತ್ತಾಂತ

ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಕುಳಿತಿರುವ ಭಕ್ತಮಹಾಶಯರೇ, ಇಲ್ಲಿ ಬರೆದಿರುವುದರಲ್ಲಿ ಒಂದಕ್ಷರವೂ ಸುಳ್ಳಲ್ಲವೆಂದು ಈ ಬಂಡೆಯನ್ನು ಮುಟ್ಟಿ ಪ್ರಮಾಣ ಮಾಡುತ್ತೇನೆ. ಈ ಕ್ಷೇತ್ರದ ಮಹಿಮೆಯನ್ನು ನನ್ನಷ್ಟು ಬಲ್ಲವರು ಹದಿನಾಲ್ಕು ಲೋಕಗಳಲ್ಲಿ ಇನ್ನೊಬ್ಬರಿದ್ದರು, ಅವರು ನಮ್ಮ ಅಜ್ಜ, ಈಗಿಲ್ಲ.

ಪೂರ್ವಕಾಲದಲ್ಲಿ, ಸಮುದ್ರವು ಈ ಬೆಟ್ಟದ ಪಾದವನ್ನು ತೊಳೆಯುತ್ತಿದ್ದಾಗ, ಗಾನವಿದ್ಯಾವಿಶಾರದರೂ ಉಗ್ರತಪಸ್ವಿಗಳೂ ಆದ ಶ್ರುತಿಧರ ಮುನಿಗಳು ಶಿಲಾರೂಪಿಣಿಯಾದ ನಾದೇಶ್ವರಿಯ ಸಾಕ್ಷಾತ್ಕಾರವನ್ನು ಬಯಸಿ, ದೇವಿಯು ಮಾತನಾಡುವ ತನಕ ಕಣ್ಣು ಮುಚ್ಚೆನೆಂದು ವ್ರತ ತೊಟ್ಟು, ಈ ಬಂಡೆಯೆದುರು ವೀಣೆ ಹಿಡಿದು, ಏಳು ತಾಯೇ ಏಳು ಎಂದು ಉದಯರಾಗದಲ್ಲಿ ಹಾಡತೊಡಗಿದರು. ಎಷ್ಟು ವರ್ಷ ಹಾಡಿದರೆಂಬುದಕ್ಕೆ ಬೆಟ್ಟದ ಕೋತಿಗಳಿಗೂ ಲೆಕ್ಕ ತಪ್ಪಿತು. ಸಂಧ್ಯೆಗೂ ಅದೇ ರಾಗ, ನಡುಮಧ್ಯಾಹ್ನಕ್ಕೂ ಅದೇ ರಾಗ. ಹಕ್ಕಿಗಳು ಬೇಸತ್ತು ಆಚೆಯ ಗುಡ್ಡಕ್ಕೆ ಗುಳೆ ಹೋದವು. ಮುನಿಗಳ ಕಂಠ ಬಿರಿದು, ರೆಪ್ಪೆಗಳು ಕಲ್ಲಿನಂತೆ ಭಾರವಾಗಿ, ಒಮ್ಮೆ ತೂಕಡಿಸಿದರೂ ಅಷ್ಟೂ ತಪಸ್ಸು ನೀರುಪಾಲಾಗುವ ಸ್ಥಿತಿ ಬಂದೊದಗಿತು.

ಹೀಗಿರಲೊಂದು ಸಾಯಂಕಾಲ ಪಾರಸೀಕ ದೇಶದ ಹಡಗಿನಿಂದಿಳಿದ ಬಹರಾಮನೆಂಬ ಕುದುರೆ ಸಾಕುವವನು ತನ್ನ ಬಿಳಿಯ ಹೆಣ್ಣುಕುದುರೆಯನ್ನು ನಡೆಸಿಕೊಂಡು ಇಲ್ಲಿಗೆ ಬಂದನು. ಅಲೆಗಳ ಹೊಯ್ದಾಟದಲ್ಲಿ ನಿದ್ದೆಗೆಟ್ಟ ಆ ಪ್ರಾಣಿ ನಿಂತಲ್ಲೇ ನಡುಗುತ್ತಿತ್ತು. ಹಾಡನ್ನು ತುಸು ನಿಲ್ಲಿಸಿದರೆ ಇದು ಮಲಗೀತೆಂದು ಅವನು ಕೈಮುಗಿದು ಕೇಳಿಕೊಂಡನು. ನಿಲ್ಲಿಸಿದರೆ ತಮ್ಮ ಕಣ್ಣು ಮುಚ್ಚಿ ವ್ರತ ಕೆಡುವುದೆಂದು ಮುನಿಗಳು ಒಡಕು ದನಿಯಲ್ಲೇ ಗದರಿದರು. ವಾದಿಸಲು ಬಹರಾಮನಲ್ಲಿ ತ್ರಾಣವಿರಲಿಲ್ಲ. ತನ್ನ ನಾಡಿನವರು ಬರ್ಬತ್ ಎನ್ನುವ ತಂತಿವಾದ್ಯವನ್ನು ಚೀಲದಿಂದ ತೆಗೆದು, ಅಲ್ಲಿಯ ಲಾಯಗಳಲ್ಲಿ ಕುದುರೆಗಳನ್ನು ಮಲಗಿಸುವ ಜೋಗುಳವನ್ನು ಮೆಲ್ಲನೆ ಮೀಟಿದನು.

ಭಾಷೆ ಬೇರೆ, ರಾಗ ಬೇರೆ, ದೇವರೂ ಬೇರೆ. ದಣಿವು ಮಾತ್ರ ಒಂದೇ. ಕುದುರೆ ಮೊಣಕಾಲೂರಿ ಮಲಗಿತು. ಮುನಿಗಳ ಬೆರಳುಗಳು, ಅವರಿಗೇ ತಿಳಿಯದಂತೆ, ಜೋಗುಳದ ಬೆನ್ನು ಹಿಡಿದವು. ಕಣ್ಣು ಮುಚ್ಚಿಹೋಗುತ್ತಿದೆಯೆಂದು ಅರಿವಾಗಿ, ಎಲ್ಲವೂ ಹೋಯಿತಲ್ಲಾ ಎಂದು ಅವರು ಕಂಬನಿ ಸುರಿಸುತ್ತಿರಲು, ಬಂಡೆಯೊಳಗಿಂದ ಈ ವಾಣಿ ಹೊರಟಿತು:

“ಮಗನೇ, ಇಷ್ಟು ಕಾಲ ಏಳು ಏಳು ಎಂದೆಯಲ್ಲ, ನಾನು ಮಲಗಿದ್ದೆನೆಂದು ನಿನಗೆ ಹೇಳಿದವರಾರು? ಲೋಕವೆಲ್ಲ ನನ್ನನ್ನು ಎಬ್ಬಿಸುವುದಕ್ಕೇ ಬರುತ್ತದೆ. ಮಲಗಿಸುವ ಹಾಡು ತಂದವನು ಇವನೊಬ್ಬ. ನಾನು ಮಾತಾಡಿದ್ದಾಯಿತು, ನಿನ್ನ ವ್ರತ ಮುಗಿಯಿತು. ಇನ್ನು ನೀನೂ ಮಲಗು, ನನ್ನನ್ನೂ ಮಲಗಗೊಡು.”

ಮುನಿಗಳು ವೀಣೆಯ ಬುರುಡೆಗೆ ತಲೆಯಿಟ್ಟು, ಕಣಿವೆಯೇ ಮಾರ್ದನಿಸುವಂತೆ ಗೊರಕೆ ಹೊಡೆಯುತ್ತ ನಿದ್ರಿಸಿದರು.

ಅಂದಿನಿಂದ ದೇವಿಗೆ ಪವಡಿಸಿದಮ್ಮನೆಂಬ ನಾಮಧೇಯ. ಈ ಗುಡಿಯಲ್ಲಿ ಗಂಟೆಯಿಲ್ಲ, ಸುಪ್ರಭಾತವಿಲ್ಲ. ಸಂಜೆ ಯಾವ ಭಾಷೆಯ ಜೋಗುಳವಾದರೂ ಸೇವೆಗೆ ಸಲ್ಲುತ್ತದೆ. ಹರಕೆ ಹೊತ್ತವರು ಬೇಡಿಕೆಯನ್ನು ಬಾಯಿಬಿಟ್ಟು ಹೇಳದೆ, ಪ್ರಾಕಾರದಲ್ಲಿ ಒಂದು ನಿದ್ದೆ ತೆಗೆದು ಇಳಿಯುತ್ತಾರೆ. ಬಂಡೆಯ ಬಲಮಗ್ಗುಲಲ್ಲಿ ಕುದುರೆ ಮಲಗಿದ ತಗ್ಗನ್ನು ಈಗಲೂ ಕಾಣಬಹುದು. ಬಂಡೆಗೆ ಕಿವಿಯಿಟ್ಟರೆ ಒಳಗೆ ಮಂದ್ರಸ್ಥಾಯಿಯ ಝೇಂಕಾರವೊಂದು ಏರುತ್ತದೆ, ಇಳಿಯುತ್ತದೆ.

ಪ್ರಮಾಣ ಮಾಡಿದ ಮೇಲೆ ಮುಚ್ಚಿಡಬಾರದು: ಒಂದು ಸಣ್ಣ ಸಂಗತಿಯನ್ನು ಮಾತ್ರ, ಮರ್ಯಾದೆಗಂಜಿ, ನಾನೇ ಕಟ್ಟಿದ್ದೇನೆ. ಮುನಿಗಳು ಸದ್ದಿಲ್ಲದೆ ಮಲಗಿದ್ದರು. ಗೊರಕೆ ಅವರದಲ್ಲ.