ಹಾಸಿನ ತುದಿ ಹಿಡಿದ ತಂದೆ

ಶಿಷ್ಯನು ಕೇಳಿದನು: “ಗುರುಗಳೇ, ಹಿರಿಯರು ನ್ಯಾಯವಾಗಿ ಕೊಟ್ಟ ಹಕ್ಕನ್ನು ಎದುರಿನವರು ತಡೆದರೆ, ಅದನ್ನು ದಂಡನೆಯಿಂದ ಪಡೆಯಬೇಕೋ, ಕರುಣೆಯಿಂದ ಪಡೆಯಬೇಕೋ?”

ಗುರುಗಳು ಒಂದು ಕತೆಯನ್ನು ಹೇಳಿದರು.

ಒಬ್ಬ ನೇಕಾರನೂ ಅವನ ಹೆಂಡತಿಯೂ ಬೇರೆಯಾದರು. ಚಿಕ್ಕ ಮಗಳು, ತಾನೂ ಮಗ್ಗ ನೇಯ್ದು ಬದುಕುತ್ತಿದ್ದ ತಾಯಿಯ ಬಳಿ ಉಳಿದಳು. ಪ್ರತಿ ಹುಣ್ಣಿಮೆಯ ದಿನ ಅವಳು ತಂದೆಯ ಮನೆಯಲ್ಲಿರಬೇಕೆಂದು ಕೇರಿಯ ಹಿರಿಯರು ತೀರ್ಪಿತ್ತರು.

ಹುಣ್ಣಿಮೆ ಬಂದಿತು, ತಂದೆ ಬಾಗಿಲಿಗೆ ಬಂದನು. “ಮಗುವಿಗೆ ಮೈ ಬಿಸಿಯಾಗಿದೆ” ಎಂದಳು ತಾಯಿ. ಮರುಹುಣ್ಣಿಮೆಗೆ “ಅಜ್ಜಿಯ ಮನೆಗೆ ಹೋಗಿದ್ದಾಳೆ” ಎಂದಳು. ಅದೇ ಹೊತ್ತಿಗೆ ಒಳಗೆ ಮಗು ನಕ್ಕದ್ದು ಅವನಿಗೆ ಕೇಳಿಸಿತು. ಅವನು ಬಾಗಿಲನ್ನು ನೂಕಲಿಲ್ಲ. ನೇರವಾಗಿ ಹಿರಿಯರ ಬಳಿಗೆ ಹೋಗಿ ದಂಡನೆಯನ್ನು ಬೇಡಿದನು.

ಆ ಕೇರಿಯಲ್ಲಿ ಒಂದು ಕಟ್ಟಳೆಯಿತ್ತು. ಯಾರೇ ಬೀದಿಯಲ್ಲಿ ನೂಲಿನ ಉದ್ದನೆಯ ಎಳೆಗಳನ್ನು ಹಾಸಾಗಿ ಹರಡಿ ಗಂಜಿ ಹಚ್ಚಿದರೂ ನೆರೆಯವರು ಬಂದು ತುದಿ ಹಿಡಿಯುವರು. ತೀರ್ಪನ್ನು ಮೀರಿದವರ ಹಾಸನ್ನು ಮಾತ್ರ ಯಾರೂ ಮುಟ್ಟರು. ಆ ದಂಡನೆ ತಾಯಿಗೆ ಬಿದ್ದಿತು.

ಮುಂದಿನ ಹುಣ್ಣಿಮೆಯಂದು ತಂದೆ ಬಂದಾಗ ಆಕೆ ಬೀದಿಯಲ್ಲಿ ಒಬ್ಬಳೇ ಇದ್ದಳು. ಹಾಸಿನ ಒಂದು ತುದಿಯನ್ನು ಗೂಟಕ್ಕೆ ಕಟ್ಟಿದ್ದಳು. ಇನ್ನೊಂದನ್ನು ತಾನು ಹಿಡಿದರೆ ಗಂಜಿಯ ಕುಂಚವಾಡಿಸುವವರಿಲ್ಲ. ಕುಂಚ ಹಿಡಿದರೆ ಹಾಸು ಜೋಲುವುದು. ಬಿಸಿಲಿಗೆ ಗಂಜಿ ಒಣಗುತ್ತಿತ್ತು. ಎಳೆಗಳು ಒಂದಕ್ಕೊಂದು ಅಂಟತೊಡಗಿದ್ದವು.

“ನೋಡಿ ನಗುವುದಕ್ಕೆ ಬಂದಿರಾ?” ಎಂದಳು.

“ನಗುವುದು ಆಮೇಲಾಯಿತು. ಮೊದಲು ನೀನು ಕುಂಚ ಹಿಡಿ” ಎಂದು ಅವನು ತುದಿಯನ್ನು ಬಿಗಿಯಾಗಿ ಎಳೆದು ನಿಂತನು.

ಆಕೆ ಕುಂಚವಾಡಿಸಿದಳು, ಹಾಸು ಒಣಗುವವರೆಗೆ ಅವನು ತುದಿಯನ್ನು ಬಿಡಲಿಲ್ಲ. ಬಳಿಕ ಆಕೆ ಮನೆಯತ್ತ ತಿರುಗಿ, “ಮಗಳೇ, ಅಪ್ಪ ಬಂದಿದ್ದಾರೆ, ಹೊರಡು” ಎಂದು ಕೂಗಿದಳು. ಮಗು ಹಾಸಿನ ಅಡಿಯಲ್ಲಿ ನುಸುಳಿ ತಂದೆಯ ಬಳಿಗೆ ಓಡಿಬಂದಿತು.

ಸುದ್ದಿ ಹಿರಿಯರಿಗೆ ಮುಟ್ಟಿತು. “ನೀನೇ ಬೇಡಿದ ದಂಡನೆಯನ್ನು ನೀನೇ ಮುರಿದೆಯಲ್ಲಯ್ಯಾ!” ಎಂದರು. “ನನ್ನ ಮಗಳ ಅನ್ನವೂ ಆ ಮಗ್ಗದಲ್ಲಿಯೇ ಇದೆ, ಯಜಮಾನರೇ” ಎಂದನು ನೇಕಾರ. ಹಿರಿಯರು ನಕ್ಕು ದಂಡನೆಯನ್ನು ಹಿಂತೆಗೆದುಕೊಂಡರು. ಅಲ್ಲಿಂದ ಮುಂದೆ ಹುಣ್ಣಿಮೆ ಬಂದರೆ ತಾಯಿಯೇ ಮಗುವಿನ ತಲೆ ಬಾಚಿ, ಹೂ ಮುಡಿಸಿ ಕಳುಹಿಸುತ್ತಿದ್ದಳು.

ಕತೆ ಮುಗಿಯಿತು. ಶಿಷ್ಯನ ಮುಖ ಅರಳಿತು. “ಹಾಗಾದರೆ ಗೆದ್ದದ್ದು ಕರುಣೆ. ಅವನು ದಂಡನೆಯನ್ನು ಬೇಡಲೇಬಾರದಾಗಿತ್ತು, ಅಲ್ಲವೇ?” ಎಂದನು.

ಗುರುಗಳೆಂದರು: “ಬೇಡದಿದ್ದರೆ ಆ ತುದಿಯನ್ನು ನೆರೆಯವರು ಹಿಡಿದಿರುತ್ತಿದ್ದರು, ಅವನು ಎಲ್ಲಿ ನಿಲ್ಲುತ್ತಿದ್ದನು?”