ದೇಮವ್ವನ ಗಂಡಿ

ಮುದವೊಳಲಿನ ಹಳೆಯ ಪೇಟೆಯಲ್ಲಿ ನೇಕಾರ ಓಣಿಯಿಂದ ಬಾವಿಕಟ್ಟೆಗೆ ಹೋಗುವವರು ಒಂದು ಮನೆಯ ಒಳಗಿನಿಂದಲೇ ಹಾದುಹೋಗುತ್ತಾರೆ. ತಲೆಯ ಮೇಲೆ ತೊಲೆ, ಜಂತಿ. ಎಡಬಲಕ್ಕೆ ಮನೆಯ ಗೋಡೆ. ಊರವರು ಇದನ್ನು ದೇಮವ್ವನ ಗಂಡಿ ಎನ್ನುತ್ತಾರೆ. ಗಂಡಿ ಎಂದರೆ ಒಡಕು.

ಹಿಂದೆ ಒಮ್ಮೆ ಈ ಊರಿನ ಓಣಿಗಳೆಲ್ಲ ಒಂದಕ್ಕೊಂದು ಕೂಡಿಕೊಂಡಿದ್ದವಂತೆ. ಸಂತೆ ಬೆಳೆಯಿತು, ಜನ ಬಂದು ನೆಲೆಸಿದರು, ಕೋಟೆಯೊಳಗೆ ಜಾಗ ಸಾಲದಾಯಿತು. ಒಬ್ಬರು ಜಗಲಿಯನ್ನು ಮುಂದೆ ತಂದರು, ಇನ್ನೊಬ್ಬರು ಸಂದಿಗೆ ಚಪ್ಪರ ಹಾಕಿ ದನ ಕಟ್ಟಿದರು. ಊರು ದೊಡ್ಡದಾದಷ್ಟೂ ದಾರಿಗಳು ಮುಚ್ಚಿಹೋದವು. ಕಡೆಗೆ ನೇಕಾರ ಓಣಿಗೆ ಒಂದೇ ಬಾಯಿ ಉಳಿಯಿತು. ಇನ್ನೊಂದು ತುದಿಗೆ ಅಡ್ಡಲಾಗಿ ನಿಂತದ್ದು ದೇಮವ್ವನ ಮನೆ. ಬಾವಿಯ ದಾರಿಯ ಮೇಲೆ ಮಗ್ಗದ ಕೋಣೆ ಕಟ್ಟಿದವನು ಆಕೆಯ ಗಂಡನೇ. ಅವನು ತೀರಿಕೊಂಡ ಮೇಲೆ ಆ ಮಗ್ಗವೇ ಆಕೆಗೆ ಅನ್ನವಾಗಿತ್ತು.

ಒಂದು ಬೇಸಿಗೆಯ ಮಧ್ಯಾಹ್ನ ಓಣಿಯ ಬಾಯಲ್ಲಿದ್ದ ಹತ್ತಿಯ ಅಂಗಡಿಗೆ ಬೆಂಕಿ ಬಿತ್ತು. ಹೊರಹೋಗುವ ದಾರಿಯಲ್ಲೇ ಉರಿ. ಜನ ಕೂಸುಗಳನ್ನು ಎತ್ತಿಕೊಂಡು ತುದಿಗೆ ಓಡಿಬಂದು ದೇಮವ್ವನ ಪಡಸಾಲೆಯಲ್ಲಿ ಸಿಕ್ಕಿಬಿದ್ದರು. ಹಾರೆ ಹಿಡಿದು ನುಗ್ಗಿದ ಆಕೆಯ ಮೈದುನ ಈರಭದ್ರಪ್ಪ ಮಗ್ಗ ಕಂಡು ತಡೆದು ನಿಂತ. ಒಡೆಯಬೇಕಾದ ಗೋಡೆ ಅದರ ಹಿಂದಿತ್ತು. "ಏನ್ ನೋಡಾಕತ್ತಿ? ಹೊಡಿ!" ಎಂದ ದೇಮವ್ವ ಕುಡುಗೋಲಿನಿಂದ ತಾನೇ ಮಗ್ಗಕ್ಕೆ ಉದ್ದಕ್ಕೆ ಬಿಗಿದಿದ್ದ ಹಾಸಿನ ನೂಲು ಕೊಯ್ದಳು. ಅರ್ಧ ನೆಯ್ದ ಸೀರೆ, ನೇಯುವಾಗ ಕಾಲು ಇಳಿಬಿಡುವ ಮಗ್ಗದ ಗುಂಡಿಗೆ ಬಿತ್ತು, ಮಣ್ಣಿನ ಗೋಡೆ ಕುಸಿಯಿತು. ಓಣಿಗೆ ಓಣಿಯೇ ಆ ಒಡಕಿನಿಂದ ಪಾರಾಯಿತು.

ಬೆಂಕಿ ಆರಿದ ಮೇಲೆ ಈರಭದ್ರಪ್ಪ ಮಣ್ಣು ಕಲಸಿ ನಿಂತ. "ವೈನಿ, ಗೋಡಿ ಏರಿಸಿಬಿಡ್ತೀನಿ. ಮತ್ತ ಮಗ್ಗ ಹೂಡ್ರಿ." ದೇಮವ್ವನಿಗೂ ಬೇಕಿದ್ದದ್ದು ಅದೇ. ಆದರೆ ಅಷ್ಟರಲ್ಲಿ ಹೆಂಗಸರು ಕೊಡ ಹೊತ್ತು ಆ ಒಡಕಿನಲ್ಲೇ ಓಡಾಡತೊಡಗಿದ್ದರು. ಅಷ್ಟು ಕಾಲ ಪೇಟೆಯೆಲ್ಲ ಸುತ್ತಿ ನೀರು ತರುತ್ತಿದ್ದ ಮುದುಕಿಯೊಬ್ಬಳು ಮಣ್ಣಿನ ರಾಶಿ ನೋಡಿ ಅಳುಕಿ ನಿಂತಳು. "ಇವತ್ತೊಂದಿನ ಹಾದು ಹೋಗ್ಲೇನವಾ?" ದೇಮವ್ವ ಮಗ್ಗದ ಗುಂಡಿಯ ಅಂಚಿಗೆ ಕುಳಿತು, ಒಳಗೆ ಬಿದ್ದಿದ್ದ ಅರ್ಧ ಸೀರೆಯನ್ನು ಎತ್ತಿ ಮಡಚಿದಳು. ಆಮೇಲೆ ಎದ್ದು ಮೈದುನನಿಗೆ, "ಆ ಮಣ್ಣು ಗುಂಡಿಗೆ ತುಂಬು. ಯಾರ ಕಾಲೂ ಜಾರಬಾರದು," ಎಂದಳಂತೆ. ಉಳಿದ ಬದುಕನ್ನು ಆಕೆ ಬೇರೆಯವರ ಮಗ್ಗಕ್ಕೆ ನೂಲು ಸುತ್ತಿಕೊಟ್ಟು ಕಳೆದಳು ಎನ್ನುತ್ತಾರೆ.

ಈರಭದ್ರಪ್ಪನ ವಂಶದವರು ಇಂದಿಗೂ ಎರಡು ಹೋಳಾದ ಆ ಮನೆಯಲ್ಲೇ ಇದ್ದಾರೆ. ಅಡುಗೆ ಒಂದು ಬದಿಗೆ, ಊಟ ಇನ್ನೊಂದು ಬದಿಗೆ. ಊಟದ ಹೊತ್ತಿಗೆ ಹೋದವರಿಗೆ, ಸಾರಿನ ಪಾತ್ರೆ ಹಿಡಿದ ಸೊಸೆ ತನ್ನದೇ ಮನೆಯ ನಡುವೆ ಬೈಕುಗಳು ದಾಟಿಹೋಗಲೆಂದು ಕಾಯುತ್ತ ನಿಂತಿರುವುದು ಕಾಣುತ್ತದೆ.