ನಿವಾಳಿಸದ ಕುಂಬಳಕಾಯಿ

ನವಿಲುಗುಡ್ಡದ ದೊರೆ ಹೊಸ ಸಭಾಮಂಟಪ ಕಟ್ಟಿಸುತ್ತಿದ್ದ. ಹೊಣೆ ಮಂತ್ರಿ ಗರುಡಯ್ಯನದು. ಬೆವರು ಬೇರೆಯವರದು.

"ಇಂಥ ಮಂಟಪ ಭೂಮಿ ಮೇಲೆ ಇನ್ನೊಂದಿಲ್ಲ," ಎಂದ ದೊರೆ. "ಇದಕ್ಕೆ ಏನೇನು ಅಪಾಯ ಇದೆ? ಯಾವುದು ಮೊದಲು, ಯಾವುದು ಆಮೇಲೆ? ಹೇಳಿ."

ಗರುಡಯ್ಯ ಗಂಟಲು ಸರಿಮಾಡಿಕೊಂಡ. "ಮೊದಲನೆಯದು ಕೆಟ್ಟ ದೃಷ್ಟಿ, ಮಹಾಸ್ವಾಮಿ. ಆಮೇಲೆ ಹೊಟ್ಟೆಕಿಚ್ಚಿನವರ ಮಾತು. ಆಮೇಲೆ ಇಲಿ."

ಸಭೆಯವರು ತಲೆದೂಗಿದರು. ತಲೆದೂಗುವುದಕ್ಕೇ ಅವರಿಗೆ ಸಂಬಳ.

ಮೂಲೆಯಲ್ಲಿ ಜವನಪ್ಪ ಕೂತಿದ್ದ. ಆಸ್ಥಾನದ ವಿದೂಷಕ. ಹೆಂಡತಿ ಹೋದ ಮೇಲೆ ಅವನ ನಾಲಿಗೆ ಹಿಡಿಯುವವರು ಮನೆಯಲ್ಲಿ ಯಾರೂ ಇರಲಿಲ್ಲ.

"ಮಂಟಪದ ನಡುತೊಲೆ ಎಷ್ಟನೆಯ ಅಪಾಯ, ಮಂತ್ರಿಗಳೇ?" ಎಂದ.

"ಅದು ಕಲ್ಲು ಕಣಯ್ಯ! ಕಲ್ಲಿಗೇನು ಅಪಾಯ?"

ಜವನಪ್ಪ ಬೆಳಿಗ್ಗೆ ಮಂಟಪಕ್ಕೆ ಹೋಗಿ ಬಂದಿದ್ದ. ತೊಲೆಯ ನಟ್ಟನಡುವೆ ಹಸಿ ಗಾರೆ ಮೆತ್ತಿತ್ತು. ಬಿರುಕಿಲ್ಲದ ಕಲ್ಲಿಗೆ ಯಾರಾದರೂ ಗಾರೆ ಮೆತ್ತುತ್ತಾರೆಯೇ? ನಾಳೆ ತೊಲೆಯ ಕೆಳಗಿನ ಆಸರೆ ಮರಗಳನ್ನು ತೆಗೆಯಬೇಕು. ತೆಗೆಯುವವರು ಅದರ ಕೆಳಗೇ ನಿಲ್ಲಬೇಕು. ಕಲ್ಲುಕುಟಿಗ ಬೊಮ್ಮ, ಅವನ ಹೆಂಡತಿ ಸಿದ್ದಿ, ಅವರ ಜೊತೆಯವರು.

"ಹೇಳಿದರೆ ಕೆಲಸ ಹೋಗುತ್ತೆ, ಹೇಳದಿದ್ದರೆ ತಲೆ ಹೋಗುತ್ತೆ, ಅಣ್ಣಾ," ಎಂದಿದ್ದಳು ಸಿದ್ದಿ.

ದೊರೆಗೆ ನೇರ ಹೇಳೋಣವೆಂದರೆ ಅದು ಹೊಟ್ಟೆಕಿಚ್ಚಿನ ಮಾತು. ಮಂತ್ರಿ ಆಗಲೇ ಅದನ್ನು ಎರಡನೆಯ ಅಪಾಯ ಮಾಡಿ ಇಟ್ಟಿದ್ದ.

"ಒಪ್ಪಿದೆ," ಎಂದ ಜವನಪ್ಪ. "ದೃಷ್ಟಿಯೇ ಮೊದಲು. ಹಾಗಾದರೆ ನಾಳೆ ಆಸರೆ ತೆಗೆಯುವಾಗ ಯಾರಾದರೂ ತೊಲೆಯ ಕೆಳಗೆ ನಿಂತು ಬೂದುಗುಂಬಳಕಾಯಿ ನಿವಾಳಿಸಬೇಕು. ಮೊದಲ ಅಪಾಯಕ್ಕೆ ಮೊದಲ ಮನುಷ್ಯನೇ ಬೇಕು. ಮಂತ್ರಿಗಳೇ ಆಗಲಿ."

"ಭೇಷ್!" ಎಂದ ದೊರೆ.

ಗರುಡಯ್ಯನ ಮುಖ ಬೂದುಗುಂಬಳಕಾಯಿಯ ಬಣ್ಣಕ್ಕೆ ತಿರುಗಿತು. "ನನಗೆ ಮಂಡಿನೋವು, ಮಹಾಸ್ವಾಮಿ..."

"ಪೀಠ ಹಾಕಿಸೋಣ ಬಿಡಿ," ಎಂದ ಜವನಪ್ಪ. "ತೊಲೆಯ ಕೆಳಗೇ."

ಮರುದಿನ ಜವನಪ್ಪ ಆಸರೆ ಮರಗಳಿಗೆ ಉದ್ದುದ್ದ ಹಗ್ಗ ಕಟ್ಟಿಸಿದ. "ನಿಮ್ಮ ಕಣ್ಣು ತಾಗೀತು, ಎಲ್ಲರೂ ಆಚೆ ನಡೀರಿ," ಎಂದು ಕೆಲಸದವರನ್ನು ದೂರ ಅಟ್ಟಿದ. ಬೊಮ್ಮನ ಕಿವಿಯಲ್ಲಿ ಮಾತ್ರ, "ಹಗ್ಗ ಬಿಗಿ ಮಾಡು, ಎಳೀಬೇಡ," ಎಂದ.

ದೊರೆ ಬಂದು ಹೊರಗೆ ನಿಂತ. ಗರುಡಯ್ಯ ಕಾಯಿ ಹಿಡಿದು ತೊಲೆಯ ಕೆಳಗೆ ನಿಂತ.

"ಎಳೀರೋ!" ಎಂದು ಕೂಗಿದ ಜವನಪ್ಪ.

ಹಗ್ಗ ಬಿಗಿಯಿತು. ಮರ ಕಿರ್ ಎಂದಿತು. ಕುಂಬಳಕಾಯಿ ಒಂದು ಕಡೆ ಬಿತ್ತು, ಮಂತ್ರಿ ಇನ್ನೊಂದು ಕಡೆ ಓಡಿದ. ಮಂಡಿನೋವು ಅಲ್ಲೇ ಉಳಿಯಿತು.

"ನಿಲ್ಲಿಸ್ರೋ! ತೊಲೆ ಬಿರುಕು ಬಿಟ್ಟಿದೆ! ಎಳೀಬೇಡಿ!"

ಎಲ್ಲರೂ ಮೇಲೆ ನೋಡಿದರು. ಕಾಣುವುದಕ್ಕೆ ಬರೀ ಗಾರೆ.

"ಬಿರುಕು ನಿನಗೊಬ್ಬನಿಗೆ ಹೇಗೆ ಕಂಡಿತು?" ಎಂದ ದೊರೆ.

ಗರುಡಯ್ಯ ಮತ್ತೆ ಮಂಡಿ ಹಿಡಿದುಕೊಂಡ.

ದೊರೆ ತಿರುಗಿದ. "ಹಾಗಾದರೆ ಮೊದಲ ಅಪಾಯ ಯಾವುದು, ಜವನಪ್ಪ?"

"ಮಂತ್ರಿಗಳ ಬಾಯನ್ನು ಕೇಳಬೇಡಿ, ಮಹಾಸ್ವಾಮಿ. ಕಾಲನ್ನು ಕೇಳಿ. ಯಾವುದನ್ನು ಕಂಡು ಓಡಿತೋ ಅದೇ ಮೊದಲನೆಯದು. ಇಲಿ ಕಂಡು ಓಡಿದ್ದನ್ನು ನಾನಂತೂ ನೋಡಿಲ್ಲ."

ದೊರೆ ಹೊಟ್ಟೆ ಹಿಡಿದು ನಕ್ಕ. "ಹೊಸ ತೊಲೆ ತನ್ನಿ. ಮತ್ತೆ ಆಸರೆ ತೆಗೆಯುವ ದಿನವೂ ಕೆಳಗೆ ಗರುಡಯ್ಯನೇ ನಿಲ್ಲಲಿ. ನಿನಗೇನು ಬೇಕೋ ಕೇಳು, ಜವನಪ್ಪ."

ಜವನಪ್ಪ ಒಡೆದ ಕುಂಬಳಕಾಯಿ ಎತ್ತಿಕೊಂಡ. "ಇದು ಸಾಕು. ಕೆಲಸದವರಿಗೆ ಮಜ್ಜಿಗೆಹುಳಿ ಮಾಡಿಸ್ತೀನಿ."

"ಛೆ, ನಿವಾಳಿಸಿದ ಕಾಯಿ ತಿನ್ನಬಾರದಲ್ಲಯ್ಯ!"

"ನಿವಾಳಿಸುವಷ್ಟು ಹೊತ್ತು ಮಂತ್ರಿಗಳು ಎಲ್ಲಿ ನಿಂತರು, ಮಹಾಸ್ವಾಮಿ?"